ದೂರದೇಶದ ಸೈಕಲ್ ಪಂದ್ಯ

ಜುಲೈ ತಿಂಗಳಲ್ಲಿ ನಮ್ಮ ಕ್ರೀಡಾಪ್ರಿಯರ ಚಿತ್ತ ಕ್ರಿಕೆಟ್ಟಿನಲ್ಲೋ ವಿಂಬಲ್ಡನ್ನಿನಲ್ಲೋ ನೆಲೆಸಿರುವಾಗ, ಫ್ರಾನ್ಸಿನ ಬಯಲು ಪರ್ವತಗಳನ್ನು 21 ಹಂತಗಳಲ್ಲಿ ಹಾದುಹೋಗುವ ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ಪಂದ್ಯವನ್ನು ಶ್ರದ್ಧೆಯಿಂದ ಅನುಸರಿಸುವ ಸಣ್ಣದೊಂದು ಪಂಗಡವೂ ಕನ್ನಡನಾಡಿನಲ್ಲಿ ಉಂಟು. ಆ ಪಂಗಡಕ್ಕೆ ಸೇರಿದ ನನ್ನಂಥವರಿಗೆ ಕಾಲವೇನೋ ಪ್ರತಿಕೂಲವಲ್ಲ: ಅಲ್ಲಿ ಸಂಜೆ 5:30ರ ಸುಮಾರಿಗೆ ಮುಗಿಯುವ ದಿನದ ಓಟ ಇಲ್ಲಿಯ ರಾತ್ರಿ 9 ಗಂಟೆಗೆ, ಊಟದ ವೇಳೆಗೆ ಸರಿಯಾಗಿ ಮುಗಿಯುತ್ತದೆ. ಮೆಲ್ಬರ್ನಿನವರಿಗಾದರೋ ಅದು ನಡುರಾತ್ರಿ ಕಳೆದು ಒಂದೂವರೆಯ ಹೊತ್ತು; 2011ರಲ್ಲಿ ತಮ್ಮ ಕ್ಯಾಡೆಲ್ ಇವಾನ್ಸ್ ವಿಜಯಿಯಾದುದನ್ನು ಅವರು ನಿದ್ರೆಗೆಟ್ಟೇ ಕಾಣಬೇಕಾಯಿತು.

ನಮ್ಮ ಕಷ್ಟ ಬೇರೆ ತೆರನಾದುದು. ಮೊದಲನೆಯದು, ಪಂದ್ಯದ ಮರ್ಮವನ್ನು ಗ್ರಹಿಸುವ ಕಷ್ಟ. 1990ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್, 2017ರಲ್ಲಿ ಬ್ರಿಟನ್ನಿನ ಕ್ರಿಸ್ ಫ್ರೂಮ್, ಒಂದು ದಿನದ ಓಟದಲ್ಲಿಯೂ ಮೊದಲಿಗರಾಗದೆ, ಒಟ್ಟು ಕಾಲದ ಗಣನೆಯಿಂದಲೇ ಪಂದ್ಯವನ್ನು ಗೆದ್ದರೆಂಬುದನ್ನು ಮನೆಮಂದಿಗೆ ಮನಗಾಣಿಸುವುದು ಸುಲಭಸಾಧ್ಯವಲ್ಲ. ನಾಯಕನಿಗೆ ಗಾಳಿಯ ಮರೆಯಾಗಿ, ನೀರಿನ ಬಾಟಲಿಗಳನ್ನು ತಂದೊದಗಿಸಿ, ಬಲವೆಲ್ಲ ವ್ಯಯವಾದ ಬಳಿಕ ಹಿಂದುಳಿಯುವ ಸಹಸವಾರನ ಸೋಲೂ ಆ ಗೆಲುವಿನ ಅಂಗವೇ ಎಂಬುದನ್ನು ತಿಳಿಸುವುದು ಅದಕ್ಕಿಂತಲೂ ಕಠಿನ. ಮೇಲಾಗಿ ತಂಡಗಳಿಗೆ ಊರಿನ ಹೆಸರಿಲ್ಲ. ಹಣ ಕೊಡುವ ಸಂಸ್ಥೆಯ ಹೆಸರೇ ತಂಡದ ಹೆಸರು. ರಾಬೊಬ್ಯಾಂಕ್ ಎನಿಸಿಕೊಂಡಿದ್ದ ಡಚ್ಚರ ತಂಡವು ಬೆಲ್ಕಿನ್ ಎಂದಾಗಿ, ಯುಂಬೊ ಎಂದಾಗಿ, 2024ರಲ್ಲಿ ವಿಸ್ಮಾ-ಲೀಸ್ ಎ ಬೈಕ್ ಎಂದಾದುದನ್ನು, ನಡುವೆ ಕೆಲವು ವರ್ಷ ಗಮನ ತಪ್ಪಿದ ಪರದೇಶದ ಅಭಿಮಾನಿ ಹೇಗೆ ಗುರುತಿಸಿಯಾನು?

ಹಾಗೆಂದು ದೂರದ ಅಭಿಮಾನಿಯು ಈ ಕ್ರೀಡೆಗೆ ಹೊರಗಿನವನೆಂದು ಭಾವಿಸತಕ್ಕದ್ದಲ್ಲ. 1903ರಲ್ಲಿ ಈ ಪಂದ್ಯವನ್ನು ಹುಟ್ಟುಹಾಕಿದುದು ಪ್ಯಾರಿಸ್ಸಿನ ‘ಲೋಟೋ’ ಪತ್ರಿಕೆ; ಸಂಪಾದಕ ಆನ್ರಿ ದೆಗ್ರಾಂಜನಿಗಿದ್ದ ಉದ್ದೇಶ, ಎದುರಾಳಿ ಪತ್ರಿಕೆಯನ್ನು ಹಿಂದಿಕ್ಕಿ ತನ್ನದರ ಪ್ರಸಾರವನ್ನು ಹೆಚ್ಚಿಸುವುದು. 1919ರಿಂದ ಅಗ್ರಗಾಮಿಗೆ ತೊಡಿಸುತ್ತ ಬಂದ ಅಂಗಿಯ ಹಳದಿ ಬಣ್ಣವು ಆ ಪತ್ರಿಕೆ ಮುದ್ರಣವಾಗುತ್ತಿದ್ದ ಕಾಗದದ ಬಣ್ಣವೇ. ರಸ್ತೆಯ ಬದಿಯಲ್ಲಿ ನಿಂತ ಫ್ರೆಂಚ್ ರೈತನಿಗೂ ಕಂಡದ್ದು ಕ್ಷಣಮಾತ್ರದಲ್ಲಿ ಹಾದುಹೋದ ಧೂಳುಹತ್ತಿದ ಸವಾರರು ಮಾತ್ರ. ಹಿಂದೆ ಏನಾಯಿತು, ಮುಂದೆ ಯಾರು ಬೆಟ್ಟವೇರಿದರು ಎಂಬುದನ್ನೆಲ್ಲ ಅವನೂ ಪತ್ರಿಕೆಯನ್ನು ಓದಿಯೇ ಅರಿಯಬೇಕಾಗಿತ್ತು. ಪ್ರತ್ಯಕ್ಷ ಕಾಣದವರ ಕುತೂಹಲವೇ ಪಂದ್ಯದ ಮೂಲಧನವಾಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಆ ಋಣವನ್ನು ಇಂದಿನ ಆಯೋಜಕರು ಮರೆತಂತಿದೆ. ಪ್ರಸಾರದ ಹಕ್ಕನ್ನು ದೇಶದೇಶಕ್ಕೆ ಪ್ರತ್ಯೇಕವಾಗಿ ಮಾರುವ ಪದ್ಧತಿಯಿಂದಾಗಿ, ಒಂದು ವರ್ಷ ನಮ್ಮ ವಾಹಿನಿಯಲ್ಲಿ ಕಂಡ ಪಂದ್ಯ ಮರುವರ್ಷ ಕಂಡೀತೆಂಬ ಭರವಸೆಯಿಲ್ಲ. ಹಲವು ದೇಶಗಳ ಅಭಿಮಾನಿಗಳು ಒಂದೇ ಚಂದಾದಿಂದ ಬಹುಪಂದ್ಯಗಳನ್ನು ನೋಡಲು ಅನುಕೂಲವಾಗಿದ್ದ ಜಿಸಿಎನ್ ಪ್ಲಸ್ ಸೇವೆಯೂ 2023ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಹೆಲಿಕಾಪ್ಟರುಗಳಿಂದಲೂ ಮೋಟಾರ್‌ಸೈಕಲ್ಲುಗಳಿಂದಲೂ ಚಿತ್ರ ತೆಗೆಯುವ ವೆಚ್ಚ ಹೇಗೂ ಆಗಿಯೇ ಇರುವುದರಿಂದ, ಹಕ್ಕನ್ನು ಕೊಳ್ಳುವವರಿಲ್ಲದ ದೇಶಗಳಿಗೆ ಆಯೋಜಕರೇ ಮಿತವಾದ ಬೆಲೆಗೆ ಪಂದ್ಯವನ್ನು ನೇರವಾಗಿ ತೋರಿಸುವುದರಲ್ಲಿ ಅವರಿಗೆ ನಷ್ಟವೇನೂ ಇರದು.

ಇದು ಕೇವಲ ವಿನೋದದ ಪ್ರಶ್ನೆಯೂ ಅಲ್ಲ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕಗಳನ್ನು ಗಳಿಸುತ್ತ ಬಂದಿರುವ ವಿಜಯಪುರ, ಬಾಗಲಕೋಟೆಗಳ ತರುಣ ತರುಣಿಯರು, ಅಡ್ಡಗಾಳಿ ಬೀಸಿದಾಗ ತಂಡವೊಂದು ರಸ್ತೆಯ ಅಗಲಕ್ಕೂ ಓರೆಸಾಲಾಗಿ ಹರಡಿ ಎದುರಾಳಿಗಳಿಗೆ ಮರೆ ಸಿಗದಂತೆ ಮಾಡುವ ಚಾತುರ್ಯವನ್ನು ಪುಸ್ತಕದಿಂದ ಕಲಿಯಲಾರರು. ಸರ್ವಶ್ರೇಷ್ಠರು ಅದನ್ನು ಮಾಡುವುದನ್ನು ಮತ್ತೆ ಮತ್ತೆ ನೋಡಿಯೇ ಕಲಿಯಬೇಕು. ಏಷ್ಯದಿಂದ ಸವಾರರು ಬರಬೇಕೆಂದು ನಿಜವಾಗಿಯೂ ಬಯಸುವವರು, ಮೊದಲು ಏಷ್ಯದ ಪ್ರೇಕ್ಷಕರಿಗೆ ಪಂದ್ಯ ಕಾಣುವಂತೆ ಮಾಡಲಿ.