ಫೈಬರ್ ಸಂಪರ್ಕ: ಬದಲಾವಣೆಗೆ ಮುನ್ನ

ಬಿನ್ನಿ ಮಿಲ್ಲಿನಿಂದ ಹೆಸರು ಪಡೆದ ಬಿನ್ನಿಪೇಟೆಯಂತಹ ಬಡಾವಣೆಗಳಲ್ಲಿ ಅನೇಕ ವರ್ತಕರಿಗೆ, ಕಿರು ಉದ್ಯಮಿಗಳಿಗೆ ಮನೆಯೇ ಕಚೇರಿ. 2017ರಲ್ಲಿ ಜಿ.ಎಸ್.ಟಿ., 2018ರಲ್ಲಿ ಇ-ವೇ ಬಿಲ್ ಜಾರಿಗೆ ಬಂದ ಮೇಲೆ ಮನೆಯ ಅಂತರ್ಜಾಲ ಸಂಪರ್ಕವೂ ವ್ಯಾಪಾರದ ಸಾಧನವೇ ಆಗಿದೆ. ಆದುದರಿಂದ ತಾಮ್ರದ ತಂತಿಯಿಂದ ಫೈಬರ್‌ಗೆ ಬದಲಾಗುವಾಗ ಯಂತ್ರ ಕೊಳ್ಳುವಷ್ಟೇ ವಿವೇಚನೆ ಅಗತ್ಯ.

ಫೈಬರ್‌ನ ಶ್ರೇಷ್ಠತೆ ನಿರ್ವಿವಾದ. ದೂರವಾಣಿ ತಂತಿಯ ಎ.ಡಿ.ಎಸ್.ಎಲ್. ಸಂಪರ್ಕದಲ್ಲಿ ಕಡತ ಕಳುಹಿಸುವ ವೇಗವು ಪಡೆಯುವ ವೇಗಕ್ಕಿಂತ ಬಹಳ ಕಡಿಮೆ. ಫೈಬರ್ ಈ ಕೊರತೆಯನ್ನು ನೀಗಿಸಬಲ್ಲದು. ಗಾಜಿನ ಎಳೆಯಲ್ಲಿ ಬೆಳಕು ಸಾಗುವುದರಿಂದ ಅಕ್ಕಪಕ್ಕದ ಮೋಟಾರುಗಳ ವಿದ್ಯುತ್ ಅಡಚಣೆಯೂ ಅದನ್ನು ಬಾಧಿಸದು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಸ್ಥಿರ ದೂರವಾಣಿಗೆ ಬೇಕಾದ ವಿದ್ಯುತ್ತು ತಾಮ್ರದ ತಂತಿಯಲ್ಲಿ ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಕರೆ ನಿಲ್ಲುತ್ತಿರಲಿಲ್ಲ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದು. ಮನೆಯಲ್ಲಿ ಅಳವಡಿಸುವ ಫೈಬರ್ ಮೋಡೆಮ್‌ಗೆ ಯು.ಪಿ.ಎಸ್. ಇಲ್ಲದಿದ್ದರೆ ಅಂತರ್ಜಾಲ, ದೂರವಾಣಿ ಎರಡೂ ಒಮ್ಮೆಗೇ ಸ್ತಬ್ಧವಾಗುತ್ತವೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಸಂಗತಿಗಳನ್ನು ಸೇವಾದಾರರಿಂದ ಲಿಖಿತವಾಗಿ ಪಡೆಯಬೇಕು: ಕಳುಹಿಸುವ ವೇಗ ಎಷ್ಟು? ಗಿರಾಕಿಗಳಿಗೆ ಪರಿಚಿತವಾದ ಹಳೆಯ ದೂರವಾಣಿ ಸಂಖ್ಯೆ ಉಳಿಯುವುದೇ? ಸಂಪರ್ಕ ಕೆಟ್ಟರೆ ದುರಸ್ತಿಗೆ ಎಷ್ಟು ಕಾಲ ಹಿಡಿಯುತ್ತದೆ?

ಸಾಧ್ಯವಿದ್ದಲ್ಲಿ ಹೊಸ ಸಂಪರ್ಕದಲ್ಲಿ ಒಂದು ತಿಂಗಳ ರಿಟರ್ನ್ ಸಲ್ಲಿಸಿ ನೋಡುವವರೆಗೂ ಹಳೆಯದನ್ನು ಉಳಿಸಿಕೊಳ್ಳುವುದು ಲೇಸು. ಇ-ವೇ ಬಿಲ್ ಸಿದ್ಧವಾಗದೆ ಲಾರಿ ನಿಂತರೆ ಆಗುವ ನಷ್ಟದ ಮುಂದೆ ಒಂದು ತಿಂಗಳ ಹೆಚ್ಚುವರಿ ಶುಲ್ಕ ಅಲ್ಪವೇ ಸರಿ.