ವರ್ಜೀನಿಯಾ ಹೊಗೆಸೊಪ್ಪು ಮತ್ತು ಕಲ್ಲಹಳ್ಳಿಯ ಅರಸು

ಮೊನ್ನೆ ಕೆ.ಆರ್.ನಗರದಿಂದ ಹುಣಸೂರಿಗೆ ಬಸ್ಸಿನಲ್ಲಿ ಹೋಗ್ತಿದ್ದೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ವಾಸನೆ. ನಮ್ಮ ಕಡೆ ಬೆಳೆಯೋ ಈ ತಳಿಯ ಹೆಸರು ವರ್ಜೀನಿಯಾ. ತಟ್ಟನೆ ನೆನಪಾದವನು ಥಾಮಸ್ ಜೆಫರ್ಸನ್!

ಆತನೂ ವರ್ಜೀನಿಯಾದಲ್ಲಿ ಹೊಗೆಸೊಪ್ಪು ಬೆಳೆಸಿದ ಜಮೀನುದಾರ. 1776ರಲ್ಲಿ ಎಲ್ಲ ಮನುಷ್ಯರೂ ಸಮಾನರು ಅಂತ ಬರೆದ. 1801ರಲ್ಲಿ ಅಮೆರಿಕದ ಅಧ್ಯಕ್ಷನೂ ಆದ. ಆದರೆ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. 1826ರಲ್ಲಿ ಸತ್ತಾಗ ತಲೆಮೇಲೆ ಸಾಲ. ಮರುವರ್ಷ ಸುಮಾರು 130 ಜನರನ್ನು ದನ ಹರಾಜು ಹಾಕಿದ ಹಾಗೆ ಹರಾಜು ಹಾಕಿದರು.

ಈಗ ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಗೆ ಬನ್ನಿ. 1915ರಲ್ಲಿ ಹುಟ್ಟಿದ ದೇವರಾಜ ಅರಸು ಕೂಡ ಜಮೀನಿದ್ದ ಮನೆಯವರೇ. ಓದು ಮುಗಿಸಿ ಬಂದು ಬೇಸಾಯ ಮಾಡಿದವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಹೋದರು. 1972ರಲ್ಲಿ ಮುಖ್ಯಮಂತ್ರಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯ ಬುಡಕ್ಕೇ ಕೊಡಲಿ ಹಾಕಿತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರೆ ಸಾಕು, ವಕೀಲರ ಗೊಡವೆ ಇಲ್ಲ.

ನಿಜ ಹೇಳ್ತೀನಿ, ನಮ್ಮನೇಲಿ ಅರಸು ಹೆಸರೆತ್ತಿದರೆ ಬೈಗುಳವೇ. ತಾತ ವಾರಕ್ಕೆ ಕೊಟ್ಟಿದ್ದ ಎರಡು ಎಕರೆ ಹೋಯ್ತು. "ನಮ್ಮ ಅನ್ನ ಕಿತ್ಕೊಂಡ" ಅಂತ ಅಜ್ಜಿ ಸಾಯೋವರೆಗೂ ಅಂದರು. ಆದರೆ ಆ ಎರಡು ಎಕರೆಯಲ್ಲಿ ತಾತ ಒಂದು ದಿನವೂ ನೇಗಿಲು ಹಿಡಿದಿರಲಿಲ್ಲ. ಆ ಹೊಲ ಪಡೆದವರ ಮೊಮ್ಮಗಳು ಇವತ್ತು ಟೀಚರ್. ಯಾರ ಅನ್ನವನ್ನು ಯಾರು ಕಿತ್ಕೊಂಡಿದ್ದು ಸ್ವಾಮಿ?

ಹಾಗಂತ ಅರಸು ದೇವರೇನಲ್ಲ. ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಜೊತೆ ನಿಂತವರು, ಭ್ರಷ್ಟಾಚಾರದ ಆರೋಪ ಹೊತ್ತವರು. ಅವರ ಕಾಯ್ದೆ ಗೇಣಿದಾರನನ್ನು ಮುಟ್ಟಿತು, ಕೂಲಿಯವನನ್ನು ಅಷ್ಟಾಗಿ ಮುಟ್ಟಲಿಲ್ಲ. ಇವತ್ತಿಗೂ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟೋ ಎಷ್ಟೋ ಹೆಂಗಸರಿಗೆ ಒಂದು ಗುಂಟೆಯೂ ಇಲ್ಲ. ಇನ್ನು 2020ರ ತಿದ್ದುಪಡಿಯಂತೂ ಬೇಸಾಯ ಮಾಡದವರಿಗೂ ಜಮೀನು ಕೊಳ್ಳೋ ಬಾಗಿಲು ತೆರೆಯಿತು.

ಆದರೂ ನನ್ನ ಲೆಕ್ಕ ಇಷ್ಟೇ. ಜಮೀನುದಾರ ರಾಜಕಾರಣಿಯನ್ನು ಅವನು ಬರೆದ ಮಾತಿನಿಂದ ಅಳೆಯಬಾರದು, ತನ್ನಂಥವರ ಕೈಯಿಂದ ಏನು ಬಿಡಿಸಿದ ಅಂತ ನೋಡಬೇಕು. ಆ ತಕ್ಕಡಿಯಲ್ಲಿ ನಮ್ಮ ಕಲ್ಲಹಳ್ಳಿಯವರೇ ತೂಕ.

ನಿಮ್ಮ ಮನೆಯವರು ಆಗ ಹೊಲ ಕಳಕೊಂಡವರೋ, ಪಡಕೊಂಡವರೋ? ಹೇಳಿ, ಕೇಳುವ ಆಸೆ.