ಕಳ್ಳ ಯಾರೆಂದು ಈ ಸಲ ಅವಳು ಹೇಳಲಿ

ಬ್ರಿಟನ್ನಿನ ಟ್ರಾವೆಲರ್ ಸಮುದಾಯದ, ಅಂದರೆ ಅಲೆಮಾರಿ ಮನೆತನದ ಹುಡುಗಿಯೊಬ್ಬಳು ಊರಿನ ಮುಚ್ಚಿಟ್ಟ ಚರಿತ್ರೆಯನ್ನು ಪತ್ತೆ ಹಚ್ಚುತ್ತಾಳೆ ಎನ್ನುವ ಮಕ್ಕಳ ಕಾದಂಬರಿಗೆ ಆಕ್ಷೇಪವೊಂದು ಕಾದು ಕುಳಿತಿರುತ್ತದೆ: ಮಕ್ಕಳ ಕಥೆಯೊಳಗೆ ರಾಜಕೀಯ ಯಾಕೆ ತರುತ್ತೀರಿ?

ಹೀಗೆ ಕೇಳುವವರಲ್ಲಿ ಬಹಳ ಮಂದಿ ಇಂಗ್ಲಿಷಿನ ಮಕ್ಕಳ ಲೇಖಕಿ ಎನಿಡ್ ಬ್ಲೈಟನ್ ಓದಿ ಬೆಳೆದವರು. ನಮ್ಮಲ್ಲೂ ಇಂಗ್ಲಿಷ್ ಮೀಡಿಯಂ ಶಾಲೆಗಳ ಲೈಬ್ರರಿಯಲ್ಲಿ ಆಕೆಯ ಪುಸ್ತಕಗಳಿಗೆ ಕೊರತೆಯಿರಲಿಲ್ಲ. 1954ರ ‘ಫೈವ್ ಗೋ ಟು ಮಿಸ್ಟರಿ ಮೂರ್’ ತೆಗೆದು ನೋಡಿ. ಬಯಲಿನತ್ತ ಜಿಪ್ಸಿಗಳ ಗಾಡಿಸಾಲು ಹೊರಟಿತೆಂದರೆ ಸಾಕು, ಕಳ್ಳವ್ಯವಹಾರ ಇಲ್ಲೇ ಇದೆ ಎಂದು ಓದುವ ಮಗುವಿಗೆ ಖಾತ್ರಿ. ಅಲ್ಲಿನ ಹುಡುಗನ ಹೆಸರೇ ಸ್ನಿಫರ್. ಸದಾ ಮೂಗು ಸೊರ್ರೆನ್ನಿಸುವವನು. ಜಾರ್ಜ್ ಎಂಬ ಹುಡುಗಿ ಅವನಿಗೆ ಕರವಸ್ತ್ರ ಕೊಡುತ್ತಾಳೆ. ಅವನ ಕನಸೆಂದರೆ ಒಂದು ಸೈಕಲ್ಲು, ವಾಸಕ್ಕೊಂದು ಮನೆ. ಪ್ರಶ್ನೆ ಕೇಳುವ ಹಕ್ಕು ಮನೆಯಿರುವ ಮಕ್ಕಳಿಗೆ, ಅನುಮಾನಕ್ಕೆ ಗುರಿಯಾಗುವ ಪಾಳಿ ಗಾಡಿಯವರಿಗೆ. ಇದು ರಾಜಕೀಯವಲ್ಲದೆ ಇನ್ನೇನು?

ಕಥೆ ತಾನೇ, ಬಿಡಿ ಎನ್ನುವಂತಿಲ್ಲ. ಅಲೆಮಾರಿಗಳು ಮಕ್ಕಳನ್ನು ಕದಿಯುತ್ತಾರೆ ಎಂಬ ಅಜ್ಜಿಕಥೆಯ ನೆರಳು ಎಲ್ಲಿಯವರೆಗೆ ಚಾಚಿದೆ ನೋಡಿ. 2013ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಪೊಲೀಸರು ಟಾಲಾದಲ್ಲಿ ಒಂದು ಹೆಣ್ಣುಮಗುವನ್ನೂ ಆಥ್‌ಲೋನಿನಲ್ಲಿ ಒಂದು ಗಂಡುಮಗುವನ್ನೂ ಅಲೆಮಾರಿ ಮೂಲದ ರೋಮಾ ಕುಟುಂಬಗಳಿಂದ ಎತ್ತಿಕೊಂಡು ಹೋದರು. ಆ ಮಕ್ಕಳ ಕೂದಲು ಹೊಂಬಣ್ಣದ್ದಾಗಿತ್ತು. ಇಂಥ ಮನೆಯಲ್ಲಿ ಇಂಥ ಮಗು ಹೇಗೆ ಎಂಬ ಶಂಕೆ. ಡಿಎನ್‌ಎ ಪರೀಕ್ಷೆ ಮಾಡಿದರೆ ಎರಡೂ ಹೆತ್ತವರದೇ ಮಕ್ಕಳು.

ಹಾಗಾದರೆ ಟ್ರಾವೆಲರ್ ಹುಡುಗಿಗೆ ಪತ್ತೆ ಮಾಡಲು ಏನಿದೆ? ಸ್ಕಾಟ್ಲೆಂಡಿನ ಪಿಟ್‌ಲಾಕ್ರಿಗೆ ಹೋಗಿ. ಪ್ರವಾಸಿಗಳಿಗೆ ಅಚ್ಚುಮೆಚ್ಚಿನ ಊರು. ಅಲ್ಲಿ ಬಾಬಿನ್ ಮಿಲ್ ಎಂಬ ಜಾಗವಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟ್ರಾವೆಲರ್‌ಗಳನ್ನು ‘ಸರಿದಾರಿಗೆ ತರಲು’ ಅಲ್ಲಿ ಶೆಡ್ಡು ಹಾಕಿ, ಅದನ್ನೇ ಭಾಗ ಮಾಡಿ ಅಧಿಕಾರಿಗಳು ಸಂಸಾರಗಳನ್ನು ತುಂಬಿದರು. ಕರೆಂಟಿಲ್ಲ. ನೆಟ್ಟಗೆ ಬಾಳಿ ತೋರಿಸಿದರೆ ಮುಂದೆ ಒಳ್ಳೆಯ ಮನೆ ಎಂಬ ಆಮಿಷ. ಒಪ್ಪದಿದ್ದರೆ ಮಕ್ಕಳನ್ನು ಕಸಿದುಕೊಂಡೇವು ಎಂಬ ಬೆದರಿಕೆ. ಟ್ರಾವೆಲರ್‌ಗಳನ್ನು ಹೀಯಾಳಿಸುವ ಹೆಸರು ಹಿಡಿದು ‘ಟಿಂಕರ್ ಪ್ರಯೋಗ’ಗಳೆಂದು ಕರೆಯುವ ಈ ಕ್ರಮಕ್ಕಾಗಿ ಅಲ್ಲಿನ ಸರ್ಕಾರದ ಮುಖ್ಯಸ್ಥ, ಫಸ್ಟ್ ಮಿನಿಸ್ಟರ್ ಜಾನ್ ಸ್ವಿನ್ನಿ ಸ್ಕಾಟ್ಲೆಂಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2025ರ ಜೂನ್‌ನಲ್ಲಿ. ಬ್ಲೈಟನ್ ತನ್ನ ಸ್ನಿಫರನಿಗೆ ಮನೆಯ ಕನಸು ಕೊಟ್ಟ ಹೊತ್ತಿಗೆ ನಿಜವಾದ ಟ್ರಾವೆಲರ್ ಮಕ್ಕಳಿಗೆ ಸಿಕ್ಕ ಮನೆ ಇಂಥದ್ದು.

ಇಲ್ಲಿ ಅಪರಾಧಿ ಮುಖವಾಡ ತೊಟ್ಟ ಕಳ್ಳನಲ್ಲ. ಸಹಿ, ಮೊಹರು ಇರುವ ಕಚೇರಿ. ಮಕ್ಕಳಿಗಿದು ಭಾರವಾಯಿತು ಎನ್ನುತ್ತಾರೆ. ಆ ಶೆಡ್ಡಿನೊಳಗೆ ಇದ್ದವರೂ ಮಕ್ಕಳೇ ಅಲ್ಲವೆ?

ಹಾಗೆಂದು ಇಂಥ ಕಾದಂಬರಿಗಳಿಗೆಲ್ಲ ನಾನು ಶಹಭಾಸ್ ಹೇಳಲಾರೆ. ಒಳ್ಳೆಯ ಉದ್ದೇಶವೇ ಕಥೆಯ ಕತ್ತು ಹಿಸುಕುವುದುಂಟು. ನಾಯಕಿ ಮೂರು ಹೊತ್ತೂ ಸದ್ಗುಣಿ, ಪಕ್ಕದಲ್ಲೊಬ್ಬ ಮರುಗುವ ಟೀಚರು, ಕೊನೆಯಲ್ಲಿ ಊರಿನವರ ಕಣ್ಣೀರು. ಅದರ ಬದಲು ಅವಳು ಸುಳ್ಳು ಹೇಳಲಿ, ಕಂಡವರ ಬೀರು ತಡಕಲಿ, ಅಮಾಯಕನೊಬ್ಬನ ಮೇಲೆ ಅನುಮಾನಪಟ್ಟು ಮುಖಭಂಗ ಅನುಭವಿಸಲಿ. ಸುಳಿವುಗಳೂ ಊರಿನ ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ ಕಡತದಲ್ಲಷ್ಟೇ ಇರಬೇಕಿಲ್ಲ. 1950ರ ದಶಕದಲ್ಲಿ ಜಾನಪದ ಸಂಗ್ರಾಹಕ ಹೇಮಿಶ್ ಹೆಂಡರ್ಸನ್ ಸ್ಕಾಟ್ಲೆಂಡಿನ ಬ್ಲೇರ್‌ಗೌರಿಯ ರಾಸ್ಪ್‌ಬೆರಿ ಹೊಲಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ಹಣ್ಣು ಕೀಳಲು ಬಂದ ಟ್ರಾವೆಲರ್‌ಗಳಿಂದ ಹಾಡು, ಕಥೆ ದಾಖಲಿಸಿಕೊಂಡರು. ಅಂಥ ಟೇಪಿಗಿಂತ ಒಳ್ಳೆಯ ಸಾಕ್ಷಿ ಪತ್ತೇದಾರಿ ಕಥೆಗೆ ಸಿಗುವುದು ಕಷ್ಟ.

ಸಮುದಾಯದ ಹೊರಗಿನವರು ಇಂಥ ಕಾದಂಬರಿ ಬರೆಯಬಹುದೇ? ಬರೆಯಲಿ, ಬೇಡ ಅನ್ನಲು ನಾವ್ಯಾರು. ಆದರೆ ಬೆಟ್ಸಿ ವೈಟ್ 1979ರಲ್ಲೇ ‘ದಿ ಯೆಲ್ಲೋ ಆನ್ ದಿ ಬ್ರೂಮ್’ನಲ್ಲಿ ತನ್ನ ಟ್ರಾವೆಲರ್ ಬಾಲ್ಯವನ್ನು ತಾನೇ ಬರೆದಿಟ್ಟಿದ್ದಾಳೆ. ಆ ಮನೆತನಗಳಲ್ಲಿ ಬರೆಯಬಲ್ಲವರಿಲ್ಲ ಎಂಬ ನೆಪವನ್ನು ಪ್ರಕಾಶಕರು ಬಿಡಬೇಕು. ಹಸ್ತಪ್ರತಿ ಮುಗಿದ ಮೇಲೆ ಒಬ್ಬ ಟ್ರಾವೆಲರನಿಂದ ‘ಸರಿ ಇದೆ’ ಎನ್ನಿಸಿಕೊಳ್ಳುವುದು ಬರೀ ಠಸ್ಸೆ ಒತ್ತಿಸಿಕೊಳ್ಳುವ ಕೆಲಸ.

ಇದು ದೂರದ ಜಗಳವೆಂದು ನಾವು ಸುಮ್ಮನಿರುವಂತೆಯೂ ಇಲ್ಲ. ಅದೇ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಹುಟ್ಟಿನಿಂದಲೇ ಕಳ್ಳರೆಂದು ಹಣೆಪಟ್ಟಿ ಹಚ್ಚಿ, ಅಲೆಮಾರಿಗಳಿಗೆ ಪೊಲೀಸರೆದುರು ಹಾಜರಿ ಹಾಕಿಸಿದರು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಓಣಿಯ ಹುಡುಗಿಯೊಬ್ಬಳು ‘ನಮ್ಮ ಅಜ್ಜ ಏನು ಕದ್ದಿದ್ದ?’ ಎಂದು ಹಳೆಯ ಪೊಲೀಸ್ ರಿಜಿಸ್ಟರ್ ಹುಡುಕಿ ಹೊರಡುವ ಕನ್ನಡ ಕಾದಂಬರಿಯನ್ನು ನಮ್ಮ ಮಕ್ಕಳ ಸಾಹಿತಿಗಳು ಬರೆಯಬಹುದು. ಓಣಿಯವರೇ ಬರೆದರೆ ಇನ್ನೂ ಮೇಲು. ಹಾಜರಿಯ ದಿನಗಳನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತರ ಆಸುಪಾಸು. ಕೇಳುವುದಿದ್ದರೆ ಈಗಲೇ ಕೇಳಬೇಕು.